ತೆಗೆಸಿದರೂ ಮೂರೇ ದಿನಕ್ಕೆ ಮತ್ತೆ ಹತ್ತುವ ಚೆಕ್ ಎಂಜಿನ್ ಲೈಟ್ (2011ರ ಪೆಟ್ರೋಲ್ ಕಾರು, ತುಮಕೂರು)

ಕ್ಯಾತ್ಸಂದ್ರ ಟೀಚರ್ — ಭಾನುವಾರ, ಸಂಜೆ 6:10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನದು 2011ರ ಪೆಟ್ರೋಲ್ ಕಾರು. 1.2 ಲೀಟರ್, ನಾಲ್ಕು ಸಿಲಿಂಡರ್. ಬೆಂಗಳೂರಿನಲ್ಲಿ ಚಿಕ್ಕಪ್ಪ ಕೊಂಡಿದ್ದು. ಆಮೇಲೆ ಅಪ್ಪನಿಗೆ ಬಂತು, ಈಗ ನನ್ನ ಕೈಯಲ್ಲಿದೆ. 98,000 ಕಿ.ಮೀ. ಓಡಿದೆ. ದಿನಾ ಕ್ಯಾತ್ಸಂದ್ರದಿಂದ ಗುಬ್ಬಿ ಹತ್ತಿರದ ಶಾಲೆಗೆ ಹೋಗಿ ಬರುತ್ತೇನೆ.

ನಾಲ್ಕು ತಿಂಗಳಿಂದ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿದೆ. ಮಿನುಗುವುದಿಲ್ಲ, ಹಳದಿಯಾಗಿ ಒಂದೇ ಸಮನೆ ಉರಿಯುತ್ತಿರುತ್ತದೆ. ಗಾಡಿ ಚೆನ್ನಾಗೇ ಓಡುತ್ತದೆ. ಪಿಕಪ್ ಇದೆ, ಬಿಸಿ ಆಗುವುದಿಲ್ಲ. ಮೈಲೇಜ್ ಮಾತ್ರ 16ರಿಂದ 14ಕ್ಕೆ ಇಳಿದಿದೆ.

ಮೊದಲ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ಪಿ0171 ಅಂದರು. 'ಸಿಸ್ಟಮ್ ಟೂ ಲೀನ್', ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಆಕ್ಸಿಜನ್ ಸೆನ್ಸರ್ ಹೋಗಿದೆ ಅಂತ ಹೊಸದು ಹಾಕಿದರು, 4,200 ರೂಪಾಯಿ. ಮೂರನೇ ದಿನ ಲೈಟ್ ವಾಪಸ್. ಎರಡನೇ ಗ್ಯಾರೇಜಿನಲ್ಲಿ ಥ್ರಾಟಲ್ ಬಾಡಿ ಮತ್ತು ಇಂಜೆಕ್ಟರ್ ಕ್ಲೀನಿಂಗ್, ಏರ್ ಫಿಲ್ಟರ್, ಪ್ಲಗ್ ಎಲ್ಲ ಸೇರಿ 3,600. ಎರಡೇ ದಿನಕ್ಕೆ ಮತ್ತೆ ಬಂತು. ಈಗ ಪೆಟ್ರೋಲ್ ಪಂಪ್ ಬದಲಿಸೋಣ ಅನ್ನುತ್ತಿದ್ದಾರೆ, 7,500 ಆಗುತ್ತದಂತೆ.

ಕೆಲವೇ ತಿಂಗಳಲ್ಲಿ ಗಾಡಿಗೆ 15 ವರ್ಷ ತುಂಬುತ್ತದೆ, ಆರ್‌ಸಿ ರಿನ್ಯೂವಲ್ ಮಾಡಿಸಬೇಕು. ಅಪ್ಪ ಮಾರಿಬಿಡು ಅನ್ನುತ್ತಿದ್ದಾರೆ. ನಾನು ಡ್ರೈವಿಂಗ್ ಕಲಿತದ್ದೇ ಈ ಗಾಡಿಯಲ್ಲಿ. ಮಾರಲು ಮನಸ್ಸು ಬರುತ್ತಿಲ್ಲ. ಪಂಪ್ ಹಾಕಿಸುವ ಮೊದಲು ತಿಳಿದವರು ಒಂದು ಮಾತು ಹೇಳಿ.


ಚಿಂತಾಮಣಿ ರೈಡರ್ — ಭಾನುವಾರ, ಸಂಜೆ 6:32

ಮೇಡಂ, ಗಾಡಿ ಚೆನ್ನಾಗಿ ಓಡುತ್ತಿದೆ ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಮೀಟರ್ ಬಿಚ್ಚಿ ಆ ಬಲ್ಬ್ ತೆಗೆಸಿಬಿಡಿ. ನನ್ನ ಫ್ರೆಂಡ್ ಹಾಗೇ ಮಾಡಿ ಎರಡು ವರ್ಷದಿಂದ ಓಡಿಸುತ್ತಿದ್ದಾನೆ.


ಕೋಲಾರ ಟೊಮೆಟೊ — ಭಾನುವಾರ, ರಾತ್ರಿ 7:05

ಬಲ್ಬ್ ತೆಗೆಯೋ ಮಾತು ಬೇಡ ತಮ್ಮ. ಲೈಟ್ ಸುಮ್ಮನೆ ಉರಿಯುವುದು ಬೇರೆ, ಪಟ ಪಟ ಮಿನುಗುವುದು ಬೇರೆ. ಮಿನುಗಿದರೆ ಮಿಸ್‌ಫೈರ್ ಆಗುತ್ತಿದೆ ಅಂತ, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ, ಅದು ಕರಗಿಯೇ ಹೋಗಬಹುದು. ಬಲ್ಬ್ ಇಲ್ಲದಿದ್ದರೆ ಅದು ಗೊತ್ತಾಗುವುದೇ ಇಲ್ಲ.

ನನಗೆ ಆಗಿತ್ತು. ಬೆಳಗಿನ ಜಾವ ಮಾರ್ಕೆಟ್ಟಿಗೆ ಹೋಗುವಾಗ ನರಸಾಪುರ ದಾಟುತ್ತಿದ್ದಂತೆ ಗಾಡಿ ನಡುಗಿತು, ಲೈಟ್ ಮಿನುಗಿತು. ಪಕ್ಕಕ್ಕೆ ಹಾಕಿ ಆಫ್ ಮಾಡಿದೆ. ಕೋಡ್ ಪಿ0301, ಅಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗ್. ನಮ್ಮ ಹುಡುಗ ಒಂದನೇ ಕಾಯಿಲ್ (ಪ್ಲಗ್ಗಿಗೆ ಕರೆಂಟ್ ಕೊಡುವುದು) ತೆಗೆದು ಎರಡಕ್ಕೆ, ಎರಡರದ್ದು ಒಂದಕ್ಕೆ ಹಾಕಿದ. ಕೋಡ್ ಪಿ0302 ಆಯಿತು. ಕಾಯಿಲ್ ಜೊತೆಗೇ ರೋಗವೂ ಹೋಯಿತು, ಅಲ್ಲಿಗೆ ಕಾಯಿಲ್ಲೇ ಕೆಟ್ಟಿದೆ ಅಂತ ಖಾತ್ರಿ. ಒಂದು ರೂಪಾಯಿ ಖರ್ಚಿಲ್ಲದೆ ಗೊತ್ತಾಯಿತು.

ನಿಮ್ಮ ಲೀನ್ ಕೋಡ್ ಬಗ್ಗೆ ನನಗೆ ಅನುಭವ ಇಲ್ಲ ಮೇಡಂ. ಇಲ್ಲಿ ಶಿರಾ ಗೇಟಿನ ಅಣ್ಣ ಒಬ್ಬರಿದ್ದಾರೆ, ಅವರು ನೋಡಿದರೆ ಹೇಳುತ್ತಾರೆ.


ಶಿರಾ ಗೇಟ್ ಸ್ಪ್ಯಾನರ್ — ಭಾನುವಾರ, ರಾತ್ರಿ 9:48

ಮೇಡಂ, ಈಗ ತಾನೇ ಗ್ಯಾರೇಜ್ ಬಾಗಿಲು ಹಾಕಿ ಬಂದೆ. ಪಂಪ್ ಸದ್ಯಕ್ಕೆ ನಿಲ್ಲಿಸಿ. ಪಂಪ್ ಸರಿ ಇಲ್ಲ ಅಂತ ಯಾರಾದರೂ ಪ್ರೆಶರ್ ಗೇಜ್ ಹಾಕಿ ನೋಡಿದ್ದಾರಾ? ಹೆಚ್ಚಿನ ಪೆಟ್ರೋಲ್ ಗಾಡಿಗಳಲ್ಲಿ ಸುಮಾರು 3ರಿಂದ 4 ಬಾರ್ ಇರುತ್ತದೆ. ಅಳೆಯದೆ ಬದಲಿಸುವುದು ತಪ್ಪು.

ಪಿ0171 ಅಂದರೆ ಸೆನ್ಸರ್ ಕೆಟ್ಟಿದೆ ಅಂತ ಅರ್ಥ ಇಲ್ಲ. ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಜಾಸ್ತಿ ಕಾಣುತ್ತಿದೆ ಅಂತ ಆ ಸೆನ್ಸರ್ ಹೇಳಿತು. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದನ್ನು ನಂಬಿ ಪೆಟ್ರೋಲ್ ಜಾಸ್ತಿ ಮಾಡುತ್ತಾ ಹೋಯಿತು. ಎಷ್ಟು ಸೇರಿಸಿದರೂ ಸಾಲದು ಅಂತಾದಾಗ ಕೈ ಚೆಲ್ಲಿ ಲೈಟ್ ಹಾಕಿತು. ಹೊಸ ಸೆನ್ಸರ್ ಹಾಕಿದ ಮೇಲೂ ಅದೇ ಮಾತು ಬಂದಿದೆ ಅಂದರೆ ಹಳೆಯದೂ ನಿಜವನ್ನೇ ಹೇಳುತ್ತಿತ್ತು. ಹಳೇ ಸೆನ್ಸರ್ ಎಸೆದಿಲ್ಲ ತಾನೇ? ಇಟ್ಟುಕೊಂಡಿರಿ.

ಲೈಟ್ ಮೂರನೇ ದಿನಕ್ಕೆ ಯಾಕೆ ಬರುತ್ತದೆ ಅಂದರೆ, ಈ ಥರದ ಕೋಡಿಗೆ ಇಸಿಯು ಒಂದೇ ಸಲ ನೋಡಿ ಲೈಟ್ ಹಾಕುವುದಿಲ್ಲ. ಸತತ ಎರಡು ಓಟದಲ್ಲಿ ಅದೇ ತಪ್ಪು ಕಂಡರೆ ಹಾಕುತ್ತದೆ. ಕೋಡ್ ಅಳಿಸಿದಾಗ ಅದು ಕಲಿತ ಲೆಕ್ಕವೂ ಅಳಿಸಿಹೋಗುತ್ತದೆ, ಮತ್ತೆ ಮೊದಲಿಂದ ಕಲಿಯಬೇಕು. ಅದಕ್ಕೇ ಎರಡು ಮೂರು ದಿನ ಸರಿಹೋದ ಹಾಗೆ ಕಾಣುತ್ತದೆ. ಗ್ಯಾರೇಜಿನವರು 'ಸರಿಯಾಯಿತು' ಅಂದಾಗ ಅವರೂ ಸುಳ್ಳು ಹೇಳಿರಲಿಕ್ಕಿಲ್ಲ.

ಈಗ ನೀವು ಮಾಡಬೇಕಾದ್ದು ಇಷ್ಟು. ಗಾಡಿಯ ಕೋಡ್, ಅಂಕಿಗಳನ್ನು ಫೋನಿಗೆ ಕಳಿಸುವ ಬ್ಲೂಟೂತ್ ಓಬಿಡಿ ಅಡಾಪ್ಟರ್ ಆನ್‌ಲೈನಿನಲ್ಲಿ ಸಾವಿರದೊಳಗೆ ಸಿಗುತ್ತದೆ. ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಅದಕ್ಕೆ ಚುಚ್ಚಿ. ಫೋನಿನಲ್ಲಿ ಆ್ಯಪ್ ಹಾಕಿಕೊಳ್ಳಿ. ಕೋಡ್ ಅಳಿಸಬೇಡಿ. ಅದರ ಜೊತೆ 'ಫ್ರೀಜ್ ಫ್ರೇಮ್' ಅಂತ ಇರುತ್ತದೆ. ತಪ್ಪು ಕಂಡ ಕ್ಷಣದಲ್ಲಿ ಗಾಡಿ ಹೇಗಿತ್ತು, ಎಷ್ಟು ಸ್ಪೀಡು, ಎಷ್ಟು ಆರ್‌ಪಿಎಂ, ಎಷ್ಟು ಬಿಸಿ ಅಂತ ಇಸಿಯು ಬರೆದಿಟ್ಟುಕೊಂಡಿರುತ್ತದೆ. ಎರಡು ಗ್ಯಾರೇಜಿನವರೂ ಅದನ್ನು ನೋಡದೇ ಅಳಿಸಿದ್ದಾರೆ ಅಂತ ನನ್ನ ಅನಿಸಿಕೆ.

ಆಮೇಲೆ ಫ್ಯುಯೆಲ್ ಟ್ರಿಮ್ ನೋಡಿ, ಅಂದರೆ ಇಸಿಯು ಪೆಟ್ರೋಲನ್ನು ಎಷ್ಟು ಪರ್ಸೆಂಟ್ ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ. ಶಾರ್ಟ್ ಟರ್ಮ್ (ಆ ಕ್ಷಣದ್ದು), ಲಾಂಗ್ ಟರ್ಮ್ (ಕಲಿತು ಇಟ್ಟುಕೊಂಡದ್ದು) ಅಂತ ಎರಡಿರುತ್ತವೆ. ಗಾಡಿ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಒಂದು ಸಲ, 2,500 ಆರ್‌ಪಿಎಂನಲ್ಲಿ ಹಿಡಿದು ಒಂದು ಸಲ ಬರೆದುಕೊಳ್ಳಿ. ನಿಮ್ಮ ಗಾಡಿಗೆ ಇರುವುದು ಮ್ಯಾಪ್ ಸೆನ್ಸರಾ (ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಒಳಗಿನ ಒತ್ತಡ ಅಳೆಯುವುದು), ಏರ್ ಫ್ಲೋ ಸೆನ್ಸರಾ (ಒಳಗೆ ಹೋಗುವ ಗಾಳಿಯನ್ನೇ ಅಳೆಯುವುದು) ಅನ್ನುವುದೂ ಬೇಕು. ಆ್ಯಪ್‌ನಲ್ಲಿ ಯಾವುದು ತೋರಿಸುತ್ತದೆ ಹೇಳಿ.

ಇನ್ನೊಂದು. ಹೊಸ ಸೆನ್ಸರ್ ಹಾಕಿದ್ದು ಕನ್ವರ್ಟರಿನ ಮುಂದೆಯಾ, ಹಿಂದೆಯಾ? 2010ರ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿ 13 ನಗರಗಳಿಗೆ ಬಿಎಸ್-4 ಹೊಗೆ ನಿಯಮ ಬಂತು, ನಮ್ಮ ತುಮಕೂರಿನಂಥ ಕಡೆ ಆಗ ಬಿಎಸ್-3. ನಿಮ್ಮದು ಬೆಂಗಳೂರಿನ ಗಾಡಿ, ಹಾಗಾಗಿ ಎರಡು ಸೆನ್ಸರ್ ಇರಬಹುದು. ಲೀನ್ ಹೇಳುವುದು ಮುಂದಿನದು.


ತಿಪಟೂರು ತೆಂಗು — ಭಾನುವಾರ, ರಾತ್ರಿ 10:20

ಇಲಿ ನೋಡಿದ್ರಾ ಮೇಡಂ? ನಮ್ಮ ಮನೆಯಲ್ಲಿ ಕೊಬ್ಬರಿ ಅಟ್ಟದ ಪಕ್ಕ ಗಾಡಿ ನಿಲ್ಲಿಸುತ್ತಿದ್ದೆವು. ಸೆನ್ಸರಿನ ವೈರನ್ನು ಎರಡು ಸಲ ಕಡಿದು ಹಾಕಿದ್ದವು. ಬಾನೆಟ್ ತೆಗೆದು ಟಾರ್ಚ್ ಹಾಕಿ ನೋಡಿ.


ಕ್ಯಾತ್ಸಂದ್ರ ಟೀಚರ್ — ಸೋಮವಾರ, ಬೆಳಿಗ್ಗೆ 7:15

ಎಲ್ಲರಿಗೂ ತುಂಬಾ ಧನ್ಯವಾದ. ಇಲಿ ಕಡಿದ ಗುರುತು ಇಲ್ಲ, ಅಪ್ಪನೂ ನೋಡಿದರು. ಹೊಳೆಯುವ ಹೊಸ ಸೆನ್ಸರ್ ಎಂಜಿನ್ ಹತ್ತಿರವೇ ಇದೆ, ಅಂದರೆ ಮುಂದಿನದೇ. ಹಳೆಯದು ಡಿಕ್ಕಿಯಲ್ಲಿದೆ. ಅಡಾಪ್ಟರ್ ಆರ್ಡರ್ ಮಾಡಿದ್ದೇನೆ. ಬಂದ ತಕ್ಷಣ ನೋಡಿ ಬರೆಯುತ್ತೇನೆ.


ಕ್ಯಾತ್ಸಂದ್ರ ಟೀಚರ್ — ಗುರುವಾರ, ರಾತ್ರಿ 8:30

ಅಡಾಪ್ಟರ್ ಬಂತು. ಶಾಲೆಯಿಂದ ಬರುವಾಗ ಗಾಡಿ ಚೆನ್ನಾಗಿ ಬಿಸಿಯಾಗಿತ್ತು, ಮನೆ ಮುಂದೆ ನಿಲ್ಲಿಸಿ ಬರೆದುಕೊಂಡೆ.

ಫ್ರೀಜ್ ಫ್ರೇಮ್: ಸ್ಪೀಡ್ 0, ಆರ್‌ಪಿಎಂ 790, ಎಂಜಿನ್ ಬಿಸಿ 88 ಡಿಗ್ರಿ.

ಐಡ್ಲಿಂಗಿನಲ್ಲಿ ಈಗ: ಆರ್‌ಪಿಎಂ 780, ಶಾರ್ಟ್ ಟರ್ಮ್ +3, ಲಾಂಗ್ ಟರ್ಮ್ +19. ಏರ್ ಫ್ಲೋ ಅಂತ ಏನೂ ತೋರಿಸುತ್ತಿಲ್ಲ, ಮ್ಯಾಪ್ 36 ಕಿಲೋಪ್ಯಾಸ್ಕಲ್ ಅಂತ ಇದೆ.

2,500ರಲ್ಲಿ: ಶಾರ್ಟ್ ಟರ್ಮ್ +1, ಲಾಂಗ್ ಟರ್ಮ್ +9.

ಕೀ ಆನ್ ಮಾಡಿ ಎಂಜಿನ್ ಸ್ಟಾರ್ಟ್ ಮಾಡದೇ ಇದ್ದಾಗ ಮ್ಯಾಪ್ 92.

ಮುಂದಿನ ಆಕ್ಸಿಜನ್ ಸೆನ್ಸರ್ 0.1ರಿಂದ 0.8 ವೋಲ್ಟ್ ನಡುವೆ ಮೇಲೆ ಕೆಳಗೆ ಆಡುತ್ತಿದೆ. ಬ್ಯಾಟರಿ 14.1.


ಚಿಂತಾಮಣಿ ರೈಡರ್ — ಗುರುವಾರ, ರಾತ್ರಿ 8:41

ಸಿಕ್ಕಿತು ನೋಡಿ ಮೇಡಂ. ಎಂಜಿನ್ ಆಫ್ ಇದ್ದಾಗ ಮ್ಯಾಪ್ 101 ತೋರಿಸಬೇಕು, ಗಾಳಿಯ ಒತ್ತಡ ಅಷ್ಟೇ ಇರೋದು. ನಿಮ್ಮದು 92. ಮ್ಯಾಪ್ ಸೆನ್ಸರ್ ಹೋಗಿದೆ.


ನಂದಿ ತಪ್ಪಲು — ಗುರುವಾರ, ರಾತ್ರಿ 9:15

ತಮ್ಮಾ, 101 ಅನ್ನುವುದು ಸಮುದ್ರ ಮಟ್ಟದಲ್ಲಿ. ಮಂಗಳೂರಿನ ಬೀಚಿನಲ್ಲಿ ನಿಂತರೆ ಆ ಅಂಕಿ ಬರುತ್ತದೆ. ತುಮಕೂರು ಸಮುದ್ರ ಮಟ್ಟದಿಂದ ಸುಮಾರು 820 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡವೇ 92ರ ಹತ್ತಿರ. ನಾನು ಇರುವ ಚಿಕ್ಕಬಳ್ಳಾಪುರ ಇನ್ನೂ ಸ್ವಲ್ಪ ಎತ್ತರ, ನನ್ನ ಗಾಡಿ 91 ತೋರಿಸುತ್ತದೆ. ನಂದಿ ಬೆಟ್ಟದ ಮೇಲೆ, 1,478 ಮೀಟರಿನಲ್ಲಿ, 85 ಬರುತ್ತದೆ. ಇದನ್ನು ನಾನು ಪಾಲಿಟೆಕ್ನಿಕ್ ಹುಡುಗರಿಗೆ ಗಾಡಿಯಲ್ಲೇ ತೋರಿಸುತ್ತೇನೆ, ಬೆಟ್ಟ ಹತ್ತುತ್ತಾ ಅಂಕಿ ಇಳಿಯುವುದನ್ನು ನೋಡಿ ಖುಷಿ ಪಡುತ್ತಾರೆ.

ಹಾಗಾಗಿ ಮೇಡಂ, ನಿಮ್ಮ ಮ್ಯಾಪ್ ಸೆನ್ಸರ್ ಸರಿಯಾಗಿದೆ. ಗೊತ್ತಿರುವ ಅಂಕಿಗೆ ಹೋಲಿಸಿ ನೋಡಲು ಇದೊಂದು ಒಳ್ಳೆಯ ದಾರಿ. ಅದನ್ನು ನೀವು ಬರೆದುಕೊಂಡಿದ್ದು ತುಂಬಾ ಒಳ್ಳೆಯದಾಯಿತು.

ಇನ್ನು ಟ್ರಿಮ್ ವಿಷಯ. ಪೆಟ್ರೋಲ್ ಪಂಪ್ ಸೋತಿದ್ದರೆ, ಎಂಜಿನ್ ಜಾಸ್ತಿ ಕೇಳಿದಾಗ ಕೊರತೆ ಜಾಸ್ತಿ ಆಗಬೇಕು. 2,500ರಲ್ಲಿ, ಏರು ಹತ್ತುವಾಗ ಟ್ರಿಮ್ ಮೇಲೆ ಹೋಗಬೇಕು. ನಿಮ್ಮದು ಕೆಳಗೆ ಬಂದಿದೆ, 19ರಿಂದ 9ಕ್ಕೆ. ಇಂಜೆಕ್ಟರ್ ಕಟ್ಟಿಕೊಂಡಿದ್ದರೆ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಇರುತ್ತಿತ್ತು. ಐಡ್ಲಿಂಗಿನಲ್ಲಿ ಕೆಟ್ಟದಾಗಿ, ಎತ್ತಿದಾಗ ಸುಧಾರಿಸುವುದು ಗಾಳಿ ಎಲ್ಲೋ ಕಳ್ಳದಾರಿಯಲ್ಲಿ ನುಗ್ಗುವ ಲಕ್ಷಣ. ಪಂಪಿನ 7,500 ಉಳಿಯಿತು ಅಂದುಕೊಳ್ಳಿ. ಇನ್‌ಟೇಕ್ ಮ್ಯಾನಿಫೋಲ್ಡಿನ ಪ್ಯಾಕಿಂಗ್, ಬ್ರೇಕ್ ಬೂಸ್ಟರ್ ಪೈಪು, ಪಿಸಿವಿ ಪೈಪು (ಎಂಜಿನ್ ಒಳಗಿನ ಆವಿ ಎಳೆದುಕೊಳ್ಳುವುದು) ನೋಡಿಸಿ. 15 ವರ್ಷದ ರಬ್ಬರು ಸೀಳಿರಬಹುದು.


ಶಿರಾ ಗೇಟ್ ಸ್ಪ್ಯಾನರ್ — ಗುರುವಾರ, ರಾತ್ರಿ 10:05

ಸರ್, ಪಂಪ್ ಅಲ್ಲ ಅನ್ನುವುದು ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಒಳಬದಿಯ ಗಾಳಿ ಸೋರಿಕೆ ಅಂತ ಒಪ್ಪಲು ನನಗೆ ಕಷ್ಟ.

ಏರ್ ಫ್ಲೋ ಸೆನ್ಸರ್ ಇರುವ ಗಾಡಿಯಾಗಿದ್ದರೆ ನಿಮ್ಮ ಮಾತೇ ಸರಿ. ಸೆನ್ಸರ್ ದಾಟಿದ ಮೇಲೆ ನುಗ್ಗಿದ ಗಾಳಿ ಅದರ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೇ ಲೀನ್. ಇವರದ್ದು ಮ್ಯಾಪ್ ಗಾಡಿ. ಮ್ಯಾನಿಫೋಲ್ಡಿಗೆ ಗಾಳಿ ಯಾವ ತೂತಿನಿಂದ ನುಗ್ಗಿದರೂ ಒಳಗಿನ ಒತ್ತಡ ಏರುತ್ತದೆ. ಇಸಿಯು ಅದನ್ನು ನೋಡಿ ಪೆಟ್ರೋಲೂ ಸೇರಿಸುತ್ತದೆ. ಆದ್ದರಿಂದ ಮ್ಯಾಪ್ ಗಾಡಿಯಲ್ಲಿ ದೊಡ್ಡ ಸೋರಿಕೆ ಇದ್ದರೆ ಸಾಮಾನ್ಯವಾಗಿ ಐಡ್ಲಿಂಗ್ ಏರುತ್ತದೆ, ಮ್ಯಾಪ್ ಅಂಕಿ 45, 50 ಅಂತ ಜಾಸ್ತಿ ಕಾಣುತ್ತದೆ. ಇವರದ್ದು 780 ಆರ್‌ಪಿಎಂ, ಮ್ಯಾಪ್ 36. ಎರಡೂ ಅಚ್ಚುಕಟ್ಟು. ಎಂಜಿನ್ ಒಳಗೆ ಹೋಗುವ ಗಾಳಿ ಸರಿಯಾಗಿದೆ.

ಹಾಗಾದರೆ ಆಕ್ಸಿಜನ್ ಎಲ್ಲಿಂದ ಬಂತು? ಎಂಜಿನ್ ದಾಟಿದ ಮೇಲೆ ಬಂದಿದೆ. ಎಗ್ಜಾಸ್ಟ್ ಮ್ಯಾನಿಫೋಲ್ಡಿಗೂ (ಸಿಲಿಂಡರುಗಳಿಂದ ಹೊಗೆ ಹೊರತರುವ ಪೈಪು) ಸೆನ್ಸರಿಗೂ ನಡುವೆ ಎಲ್ಲೋ ಸೋರುತ್ತಿದೆ. ಪ್ಯಾಕಿಂಗ್ ಸುಟ್ಟಿರಬೇಕು ಅಥವಾ ಮ್ಯಾನಿಫೋಲ್ಡ್ ಸೀಳಿರಬೇಕು.

ಮೇಡಂ, ಒಂದು ಪ್ರಶ್ನೆ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಟಿಕ್ ಅಂತ ಸದ್ದು ಬರುತ್ತದಾ? ಹೊಲಿಗೆ ಮಷೀನ್ ಥರ?


ಕ್ಯಾತ್ಸಂದ್ರ ಟೀಚರ್ — ಗುರುವಾರ, ರಾತ್ರಿ 10:22

ಅಣ್ಣ, ಬರುತ್ತದೆ! ಐದು ನಿಮಿಷ ಇರುತ್ತದೆ, ಆಮೇಲೆ ಕಡಿಮೆ ಆಗುತ್ತದೆ. ಅದು ಟ್ಯಾಪೆಟ್ ಸದ್ದು, ಹಳೇ ಗಾಡಿಗೆ ಸಹಜ ಅಂತ ಗ್ಯಾರೇಜಿನಲ್ಲಿ ಹೇಳಿದ್ದರು.

ಒಂದು ವಿಷಯ ಅರ್ಥ ಆಗಲಿಲ್ಲ. ಸೈಲೆನ್ಸರ್ ಪೈಪಿನಲ್ಲಿ ಹೊಗೆ ಹೊರಗೆ ತಳ್ಳುತ್ತದಲ್ವಾ? ತೂತಿದ್ದರೆ ಹೊಗೆ ಹೊರಗೆ ಬರಬೇಕು. ಗಾಳಿ ಒಳಗೆ ಹೇಗೆ ಹೋಗುತ್ತದೆ?


ಶಿರಾ ಗೇಟ್ ಸ್ಪ್ಯಾನರ್ — ಗುರುವಾರ, ರಾತ್ರಿ 10:50

ಒಳ್ಳೆಯ ಪ್ರಶ್ನೆ. ಹೊಗೆ ನಲ್ಲಿ ನೀರಿನ ಹಾಗೆ ಒಂದೇ ಸಮ ಬರುವುದಿಲ್ಲ. ಒಂದೊಂದು ಸಿಲಿಂಡರ್ ವಾಲ್ವ್ ತೆಗೆದಾಗ ಒಂದೊಂದು ಗುದ್ದು ಬರುತ್ತದೆ. ಗುದ್ದು ಮುಂದೆ ಹೋದ ತಕ್ಷಣ ಅದರ ಹಿಂದೆ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಆಗುತ್ತದೆ. ಆ ಒಂದು ಕ್ಷಣದಲ್ಲಿ ತೂತಿನಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ನಮ್ಮೂರಿನ ಕಮ್ಮಾರರ ತಿದಿ ನೋಡಿದ್ದೀರಲ್ವಾ, ಊದುತ್ತದೆ, ಎಳೆಯುತ್ತದೆ, ಹಾಗೇ.

ಐಡ್ಲಿಂಗಿನಲ್ಲಿ ಗುದ್ದುಗಳ ನಡುವೆ ಬಿಡುವು ಜಾಸ್ತಿ, ಹೊಗೆಯೂ ಕಡಿಮೆ. ಆದ್ದರಿಂದ ನುಗ್ಗಿದ ಗಾಳಿಯ ಪಾಲು ದೊಡ್ಡದಾಗಿ ಕಾಣುತ್ತದೆ. ಎಂಜಿನ್ ಎತ್ತಿದರೆ ಗುದ್ದುಗಳು ಒತ್ತೊತ್ತಾಗಿ ಬರುತ್ತವೆ, ಹೊಗೆ ಜಾಸ್ತಿ, ಗಾಳಿಗೆ ಜಾಗ ಇಲ್ಲ. ಅದಕ್ಕೇ 19 ಇದ್ದದ್ದು 9 ಆಯಿತು. ಒಳಬದಿಯ ಸೋರಿಕೆಯ ಲಕ್ಷಣವೂ ಇದೇ ಥರ ಕಾಣುತ್ತದೆ. ಸರ್ ಹೇಳಿದ್ದರಲ್ಲಿ ತಪ್ಪೇನಿಲ್ಲ, ಬಹಳ ಜನ ಇಲ್ಲೇ ದಾರಿ ತಪ್ಪುತ್ತಾರೆ. ನಾನೂ ಒಂದು ಗಾಡಿಗೆ ಎರಡು ದಿನ ಇನ್‌ಟೇಕ್ ಬಿಚ್ಚಿ ಜೋಡಿಸಿ, ಕೊನೆಗೆ ಎಗ್ಜಾಸ್ಟ್ ಪ್ಯಾಕಿಂಗಿನಲ್ಲಿ ಕಂಡುಕೊಂಡೆ.

ಸೆನ್ಸರಿಗೆ ಆ ಗಾಳಿ ಎಲ್ಲಿಂದ ಬಂತು ಅಂತ ಗೊತ್ತಿಲ್ಲ. ಲೀನ್ ಅನ್ನುತ್ತದೆ. ಇಸಿಯು ಬೇಡದ ಪೆಟ್ರೋಲ್ ಸುರಿಯುತ್ತದೆ. ನಿಮ್ಮ ಮೈಲೇಜ್ ಹೋಗಿದ್ದು ಅಲ್ಲಿಗೇ.

ಒಂದು ಎಚ್ಚರಿಕೆ. ರಿಪೇರಿ ಆಗುವವರೆಗೆ ಗಾಡಿ ನಿಲ್ಲಿಸಿ, ಎಂಜಿನ್ ಆನ್ ಇಟ್ಟು, ಎಸಿ ಹಾಕಿಕೊಂಡು ಒಳಗೆ ಕೂರಬೇಡಿ. ಬಾನೆಟ್ ಒಳಗೆ ಸೋರುವ ಹೊಗೆ ಎಸಿಯ ಗಾಳಿದಾರಿಯಿಂದ ಒಳಗೆ ಬರಬಹುದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಗೊತ್ತೇ ಆಗುವುದಿಲ್ಲ.


ನಂದಿ ತಪ್ಪಲು — ಗುರುವಾರ, ರಾತ್ರಿ 11:10

ಅಣ್ಣ, ನಿಮ್ಮ ಮಾತು ಸರಿ. ನಾನು ಮ್ಯಾಪ್ 36 ಅನ್ನುವುದನ್ನು ನೋಡಿಯೂ ಅದರ ಅರ್ಥ ಹಿಡಿಯಲಿಲ್ಲ.

ಆದರೆ 2,500ರಲ್ಲಿ ಇನ್ನೂ +9 ಯಾಕೆ ಉಳಿದಿದೆ ಅನ್ನುವುದು ನನ್ನನ್ನು ಕಾಡುತ್ತಿತ್ತು. ಅದಕ್ಕೆ ಇನ್ನೊಂದು ಕಾರಣ ಇದೆ, ಅದು ಬಂಕಿನಿಂದ ಬಂದಿದ್ದು.

ಈಗ ಪೆಟ್ರೋಲಿಗೆ ಎಥೆನಾಲ್ ಬೆರೆಸುತ್ತಾರೆ, ಎಥೆನಾಲ್‌ನಲ್ಲಿ ಆಕ್ಸಿಜನ್ ಇದೆ. ಬರೀ ಪೆಟ್ರೋಲ್ ಸರಿಯಾಗಿ ಸುಡಲು ಒಂದು ಕಿಲೋಗೆ 14.7 ಕಿಲೋ ಗಾಳಿ ಬೇಕು. 20 ಪರ್ಸೆಂಟ್ ಎಥೆನಾಲ್ ಸೇರಿದ ಇ20ಗೆ ಸುಮಾರು 13.5 ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಧನ ಜಾಸ್ತಿ ಬೇಕು. ಲೀಟರ್ ಲೆಕ್ಕದಲ್ಲಿ ಸುಮಾರು 7ರಿಂದ 8 ಪರ್ಸೆಂಟ್ ಜಾಸ್ತಿ. 2011ರಲ್ಲಿ ಬಂದ ಗಾಡಿಯ ಇಸಿಯುಗೆ ಇ20 ಗೊತ್ತಿಲ್ಲ. ಅದು ಸೆನ್ಸರ್ ನೋಡಿಕೊಂಡು +7, +8 ಟ್ರಿಮ್ ಹಾಕಿ ಹೊಂದಿಸಿಕೊಳ್ಳುತ್ತದೆ.

ಇ20 ಶುರುವಾಗಿದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲಿ. ನಿಮಗೆ ಆ ದಿನ ನೆನಪಿರಬಹುದು ಮೇಡಂ, ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯೂ ಅವತ್ತೇ. ಮೊದಲು ಕೆಲವೇ ಬಂಕ್‌ಗಳಲ್ಲಿತ್ತು, 2025ರ ಹೊತ್ತಿಗೆ ಹೆಚ್ಚಿನ ಕಡೆ ಅದೇ ಸಿಗುತ್ತಿದೆ.

ಈಗ ಲೆಕ್ಕ ನೋಡಿ. ಪ್ಯಾಕಿಂಗ್ ಸೋರಿಕೆ ಮೊದಲಿನಿಂದಲೂ ಸಣ್ಣಗೆ ಇದ್ದಿರಬಹುದು, +10, +11ರಷ್ಟು. ಹಳೇ ಪೆಟ್ರೋಲಿನಲ್ಲಿ ಇಸಿಯು ಅದನ್ನು ತಡೆದುಕೊಂಡಿತ್ತು. ಅದರ ಮೇಲೆ ಇಂಧನದ +8 ಕೂಡಿದಾಗ 19 ಆಯಿತು. ಶಾರ್ಟ್ ಟರ್ಮ್ 3 ಸೇರಿಸಿ 22. ಗಡಿ ಗಾಡಿಯಿಂದ ಗಾಡಿಗೆ ಬೇರೆ, ಬಹಳ ಗಾಡಿಗಳಲ್ಲಿ ಇಪ್ಪತ್ತರ ಆಚೆ ಈಚೆ ಲೈಟ್ ಬರುತ್ತದೆ. ನಿಮ್ಮ ಮೈಲೇಜ್ ಇಳಿದಿದ್ದರಲ್ಲೂ ಎರಡರ ಪಾಲೂ ಇದೆ. ಪ್ಯಾಕಿಂಗ್ ಹಾಕಿಸಿದರೆ ಪೂರ್ತಿ 16ಕ್ಕೆ ವಾಪಸ್ ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ.


ಕೋಲಾರ ಟೊಮೆಟೊ — ಗುರುವಾರ, ರಾತ್ರಿ 11:25

ಎರಡು ಸಣ್ಣ ತೊಂದರೆ ಸೇರಿ ಒಂದು ಲೈಟ್. ನಾನು ಹೀಗೆ ಯೋಚನೆ ಮಾಡಿರಲೇ ಇಲ್ಲ. ನಮ್ಮ ಹಳೇ ಗಾಡಿಯ ಟ್ರಿಮ್ ನಾಳೆ ನಾನೂ ನೋಡುತ್ತೇನೆ.


ಶಿರಾ ಗೇಟ್ ಸ್ಪ್ಯಾನರ್ — ಶುಕ್ರವಾರ, ಬೆಳಿಗ್ಗೆ 6:20

ಸರ್ ಲೆಕ್ಕ ಬಹಳ ಚೆನ್ನಾಗಿದೆ. ನಾನು ಹಳೇ ಗಾಡಿಗಳಲ್ಲಿ ಈಗ +8 ನೋಡುವುದು ಸಾಮಾನ್ಯ ಆಗಿದೆ, ಕಾರಣ ಹೀಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ.

ಮೇಡಂ, ಬಿಚ್ಚುವ ಮೊದಲು ಖಾತ್ರಿ ಮಾಡಿಕೊಳ್ಳಿ. ಭಾನುವಾರ ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಬಾನೆಟ್ ತೆಗೆಯಿರಿ. ಎಗ್ಜಾಸ್ಟ್ ಮ್ಯಾನಿಫೋಲ್ಡಿನ ಮೇಲಿನ ತಗಡು ಬಿಚ್ಚಿ. ಪ್ಯಾಕಿಂಗ್ ಸಾಲಿನಲ್ಲಿ ಎಲ್ಲಾದರೂ ಕಪ್ಪು ಮಸಿ ಗೆರೆ ಇದೆಯಾ ನೋಡಿ. ಎಲ್ಲ ನಟ್ ಇವೆಯಾ ಎಣಿಸಿ.

ಮನೆಯಲ್ಲಿ ವ್ಯಾಕ್ಯೂಮ್ ಕ್ಲೀನರ್ ಇದ್ದು ಅದಕ್ಕೆ ಊದುವ ಕಡೆ ಇದ್ದರೆ, ಎಂಜಿನ್ ಆಫ್ ಇರುವಾಗಲೇ ಸೈಲೆನ್ಸರಿನ ಬಾಯಿಗೆ ಇಟ್ಟು ಬಟ್ಟೆ ಸುತ್ತಿ ಊದಿ. ಸ್ಪ್ರೇ ಬಾಟಲಿಯಲ್ಲಿ ಸೋಪು ನೀರು ಹಾಕಿ ಪ್ಯಾಕಿಂಗ್ ಉದ್ದಕ್ಕೂ ಹೊಡೆಯಿರಿ. ಸೋರುವ ಕಡೆ ಗುಳ್ಳೆ ಬರುತ್ತದೆ. ಗ್ಯಾರೇಜಿನ ಕಂಪ್ರೆಸರ್ ಹಚ್ಚಬೇಡಿ, ಅಷ್ಟು ಒತ್ತಡ ಬೇಡ. ಕೆಲವರು ಎಂಜಿನ್ ಓಡುವಾಗ ಕಾರ್ಬ್ ಕ್ಲೀನರ್ ಹೊಡೆದು ನೋಡಿ ಅನ್ನುತ್ತಾರೆ. ಎಗ್ಜಾಸ್ಟ್ ಕಡೆ ಅದನ್ನು ಖಂಡಿತ ಮಾಡಬೇಡಿ, ಬೆಂಕಿ ಹತ್ತುತ್ತದೆ.


ಕ್ಯಾತ್ಸಂದ್ರ ಟೀಚರ್ — ಭಾನುವಾರ, ಬೆಳಿಗ್ಗೆ 9:40

ಗುಳ್ಳೆ ಬಂತು!

ಅಪ್ಪ ಸೈಲೆನ್ಸರ್ ಹತ್ತಿರ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಕೂತರು. ನಾನು ಸೋಪು ನೀರು ಹೊಡೆದೆ. ಒಂದು, ಎರಡು, ಮೂರನೇ ಸಿಲಿಂಡರ್ ಹತ್ತಿರ ಏನೂ ಇಲ್ಲ. ನಾಲ್ಕನೆಯದರ ಮೂಲೆಯಲ್ಲಿ ನೊರೆ ಉಕ್ಕಿತು, ಅಪ್ಪನನ್ನು ಕೂಗಿ ಕರೆದೆ. ಅಲ್ಲೇ ಬೆರಳಗಲ ಕಪ್ಪು ಮಸಿಯೂ ಇದೆ. ನಟ್ ಎಣಿಸಿದೆ, ಆ ಮೂಲೆಯಲ್ಲಿ ಒಂದು ನಟ್ಟೂ ಇಲ್ಲ, ಅದು ಕೂರುವ ಸ್ಟಡ್ಡೂ (ತಲೆಯಿಲ್ಲದ ಬೋಲ್ಟ್) ಇಲ್ಲ. ತುಂಡಾಗಿ ಒಳಗೇ ಉಳಿದಿದೆ ಅಂತ ಕಾಣುತ್ತದೆ.

ನಾಲ್ಕು ತಿಂಗಳಿಂದ ಹುಡುಕುತ್ತಿದ್ದದ್ದು ಅರ್ಧ ಗಂಟೆಯಲ್ಲಿ ಕಣ್ಣಿಗೆ ಕಂಡಿತು. ಅಪ್ಪನ ಮುಖ ನೋಡಬೇಕಿತ್ತು. ಈಗ ಮಾರುವ ಮಾತು ನಿಂತಿದೆ.


ಶಿರಾ ಗೇಟ್ ಸ್ಪ್ಯಾನರ್ — ಭಾನುವಾರ, ಬೆಳಿಗ್ಗೆ 10:15

ಬಹಳ ಸಂತೋಷ ಮೇಡಂ. ಕೊನೆಯ ಸ್ಟಡ್ಡೇ ಮುರಿಯುವುದು ಜಾಸ್ತಿ. ಮ್ಯಾನಿಫೋಲ್ಡ್ ಬಿಸಿಗೆ ಉದ್ದ ಆಗುತ್ತದೆ, ತಣ್ಣಗಾಗಿ ಕುಗ್ಗುತ್ತದೆ, ಎರಡು ತುದಿಗೆ ಎಳೆತ ಹೆಚ್ಚು. ಬಿಸಿಯಾದ ಮೇಲೆ ಟಿಕ್ ಟಿಕ್ ಕಡಿಮೆ ಆಗುತ್ತಿದ್ದದ್ದೂ ಅದಕ್ಕೇ. ಲೋಹ ಹಿಗ್ಗಿ ಸಂದು ಅರ್ಧ ಮುಚ್ಚುತ್ತಿತ್ತು.

ಈಗ ಯಾರ ಹತ್ತಿರ ಮಾಡಿಸಿದರೂ ಒಂದು ಮಾತು ಹೇಳಿ. ಹಿಂದಿನ ರಾತ್ರಿಯೇ ಎಲ್ಲ ನಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಸಿಡಲಿ. ಅವಸರದಲ್ಲಿ ಬಿಚ್ಚಿದರೆ ಇನ್ನೊಂದು ಸ್ಟಡ್ ಮುರಿಯುತ್ತದೆ. ಮುರಿದದ್ದರ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ ತಿರುಗಿಸಿದರೆ ಬಹಳ ಸಲ ಬರುತ್ತದೆ. ಬರದಿದ್ದರೆ ಮಾತ್ರ ಡ್ರಿಲ್. ಹೆಡ್ ಅಲ್ಯೂಮಿನಿಯಂ, ಓರೆ ಡ್ರಿಲ್ ಮಾಡಿದರೆ ಕೆಲಸ ದೊಡ್ಡದಾಗುತ್ತದೆ. ಮ್ಯಾನಿಫೋಲ್ಡ್ ಬಿಚ್ಚಿದ ಮೇಲೆ ಅದರ ಮುಖ ಸೊಟ್ಟ ಆಗಿದೆಯಾ ಅಂತ ನೇರ ಪಟ್ಟಿ ಇಟ್ಟು ನೋಡಲಿ. ಸೊಟ್ಟ ಇದ್ದರೆ ಲೇತಿನಲ್ಲಿ ಮಟ್ಟ ಮಾಡಿಸಿ, ಇಲ್ಲದಿದ್ದರೆ ಹೊಸ ಪ್ಯಾಕಿಂಗೂ ಸುಡುತ್ತದೆ.


ಚಿಂತಾಮಣಿ ರೈಡರ್ — ಭಾನುವಾರ, ಬೆಳಿಗ್ಗೆ 10:40

ಅಣ್ಣ, ಸರ್, ನಾನು ಬಲ್ಬ್ ತೆಗೆಸಿ ಅಂದಿದ್ದೆ, ಕ್ಷಮಿಸಿ. ಫ್ರೆಂಡಿಗೂ ಹೇಳಿದ್ದೇನೆ, ಅವನ ಗಾಡಿಗೆ ಈ ವಾರ ಸ್ಕ್ಯಾನರ್ ಹಾಕಿ ನೋಡುತ್ತೇವೆ. ಕೋಡ್ ಇಲ್ಲೇ ಹಾಕುತ್ತೇನೆ.


ಕ್ಯಾತ್ಸಂದ್ರ ಟೀಚರ್ — ಮುಂದಿನ ಶನಿವಾರ, ಸಂಜೆ 7:30

ಕೆಲಸ ಮುಗಿಯಿತು. ಅಣ್ಣನ ಗ್ಯಾರೇಜಿಗೇ ಹೋದೆ. ರಾತ್ರಿ ಗಾಡಿ ಅಲ್ಲೇ ಬಿಟ್ಟು ಬಂದೆ, ಎಣ್ಣೆ ಹಾಕಿ ನೆನೆಸಿದ್ದರು. ಮುರಿದ ಸ್ಟಡ್ ವೆಲ್ಡಿಂಗಿನಲ್ಲೇ ಬಂತು. ಪ್ಯಾಕಿಂಗ್ 450, ಹೊಸ ಸ್ಟಡ್ ಮತ್ತು ನಟ್ 300, ವೆಲ್ಡಿಂಗ್ 500, ಕೂಲಿ 1,200. ಒಟ್ಟು 2,450. ಹಳೇ ಪ್ಯಾಕಿಂಗ್ ಕೈಗೆ ಕೊಟ್ಟರು, ನಾಲ್ಕನೇ ತೂತಿನ ಪಕ್ಕ ಸುಟ್ಟು ಹುಡಿಯಾಗಿದೆ. ನಾನೇ ಕೇಳಿ ಹಳೇ ಆಕ್ಸಿಜನ್ ಸೆನ್ಸರನ್ನೂ ಒಂದು ಸಲ ಹಾಕಿಸಿ ನೋಡಿದೆ. ಅದೂ ಹೊಸದರ ಹಾಗೇ ಆಡುತ್ತಿದೆ. ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇನೆ.

ಬೆಳಿಗ್ಗೆ ಟಿಕ್ ಟಿಕ್ ಇಲ್ಲ. ಕೋಡ್ ಅಳಿಸಿ ನಾಲ್ಕು ದಿನ ಓಡಿಸಿದ ಮೇಲೆ ನೋಡಿದ ಅಂಕಿ: ಐಡ್ಲಿಂಗಿನಲ್ಲಿ ಲಾಂಗ್ ಟರ್ಮ್ +8, 2,500ರಲ್ಲಿ +7. ನಂದಿ ತಪ್ಪಲು ಸರ್, ನೀವು ಹೇಳಿದ ಅಂಕಿಯೇ ಉಳಿದಿದೆ.


ನಂದಿ ತಪ್ಪಲು — ಮುಂದಿನ ಶನಿವಾರ, ರಾತ್ರಿ 8:05

ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಬಂದಿದೆ, ಅದೇ ಮುಖ್ಯ. ನಿಮ್ಮ ಒಪ್ಪಿಗೆ ಇದ್ದರೆ ಈ ಅಂಕಿಗಳನ್ನು ನನ್ನ ಹುಡುಗರಿಗೆ ಪಾಠದಲ್ಲಿ ಕೊಡುತ್ತೇನೆ ಮೇಡಂ. ಪ್ಯಾಕಿಂಗ್ ಹಾಕುವ ಮೊದಲಿನದ್ದು, ಆಮೇಲಿನದ್ದು ಎರಡೂ.

ಹಳೇ ಗಾಡಿಯ ಪೆಟ್ರೋಲ್ ಪೈಪಿನ ರಬ್ಬರನ್ನೂ ಆಗಾಗ ನೋಡಿಸುತ್ತಿರಿ. ಎಥೆನಾಲ್ ಹಳೇ ರಬ್ಬರಿಗೆ ಒಳ್ಳೆಯದಲ್ಲ. ಪೆಟ್ರೋಲ್ ವಾಸನೆ ಬಂದರೆ ಅವತ್ತೇ ತೋರಿಸಿ.


ಶಿರಾ ಗೇಟ್ ಸ್ಪ್ಯಾನರ್ — ಮುಂದಿನ ಶನಿವಾರ, ರಾತ್ರಿ 9:30

500 ಕಿ.ಮೀ. ಆದ ಮೇಲೆ ಬನ್ನಿ ಮೇಡಂ, ತಣ್ಣಗಿರುವಾಗ ನಟ್ ಇನ್ನೊಂದು ಸಲ ಬಿಗಿ ಮಾಡಬೇಕು. ಹೊಸ ಪ್ಯಾಕಿಂಗ್ ಸ್ವಲ್ಪ ಕೂರುತ್ತದೆ. ಇದಕ್ಕೆ ದುಡ್ಡಿಲ್ಲ.


ಕ್ಯಾತ್ಸಂದ್ರ ಟೀಚರ್ — ಮೂರು ವಾರದ ನಂತರ, ಭಾನುವಾರ, ಮಧ್ಯಾಹ್ನ 1:20

ನಟ್ ಬಿಗಿ ಮಾಡಿಸಿಕೊಂಡು ಬಂದೆ. ಲೈಟ್ ಇವತ್ತಿನವರೆಗೂ ಹತ್ತಿಲ್ಲ. ಮೈಲೇಜ್ 15 ಬರುತ್ತಿದೆ. ಆರ್‌ಸಿ ರಿನ್ಯೂವಲ್‌ಗೆ ಕಾಗದ ಜೋಡಿಸುತ್ತಿದ್ದೇನೆ.

ಇವತ್ತು ಅಪ್ಪ, ಅಮ್ಮನನ್ನು ಕರೆದುಕೊಂಡು ದೇವರಾಯನದುರ್ಗಕ್ಕೆ ಬಂದಿದ್ದೇವೆ. ದರ್ಶನ ಆಯಿತು. ಮೇಲೆ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೀ ಆನ್ ಮಾಡಿ ಮ್ಯಾಪ್ ನೋಡಿದೆ. 89 ತೋರಿಸುತ್ತಿದೆ ಸರ್. ಅಪ್ಪ ಈಗ ನಂದಿ ಬೆಟ್ಟಕ್ಕೂ ಹೋಗಿ 85 ನೋಡಿಕೊಂಡು ಬರೋಣ ಅನ್ನುತ್ತಿದ್ದಾರೆ.